ಮಾರಿದವರ ಊಟ

ಈ ವರ್ಷವೂ ಈರಭದ್ರಯ್ಯನವರು ಊಟಕ್ಕೆ ಬಂದು ನನ್ನ ತಲೆ ತಿಂದು ಹೋದರು. ನಮ್ಮ ಹಿಟ್ಟಿನ ಗಿರಣಿ ಮೊದಲು ಅವರದು. ನಮಗೆ ಮಾರಿ ಎಷ್ಟೋ ವರ್ಷವಾಯಿತು. ಆದರೂ ಪ್ರತಿ ವರ್ಷ ಬರುತ್ತಾರೆ, ಗಿರಣಿಗೆ ಒಂದು ಸುತ್ತು ಹಾಕುತ್ತಾರೆ, ಬೆಲ್ಟ್ ಮುಟ್ಟಿ ನೋಡಿ, "ನನ್ನ ಕಾಲದಲ್ಲಿ ಇದು ಹೀಗೆ ಕಿರುಚ್ತಿರ್ಲಿಲ್ಲ ಸರ್ವಮಂಗಳಾ" ಅನ್ನುತ್ತಾರೆ. ಆಮೇಲೆ ಎಲೆಯ ಮುಂದೆ ಕೂತು ಹೋಳಿಗೆಗೆ ತುಪ್ಪ ಸಾಲದು ಅನ್ನುತ್ತಾರೆ. ಕರೆಯದೇ ಬಿಟ್ಟುಬಿಡೋಣ ಅಂದರೆ ಅದೂ ಆಗದು. ಒಂದು ವರ್ಷ ಮರೆತದ್ದಕ್ಕೆ ಗಿರಣಿ ಮುನಿಸಿಕೊಂಡಿತು. ರಾಗಿ ಹಾಕಿದರೆ ರಾಗಿಯೇ ಹೊರಗೆ ಬಂತು. ನಮ್ಮ ಯಜಮಾನರು ಓಡಿಹೋಗಿ ಈರಭದ್ರಯ್ಯನವರ ಕೈ ಹಿಡಿದು ಕರೆತಂದ ಮೇಲೆಯೇ ಹಿಟ್ಟು ಬಿದ್ದದ್ದು.

ನಮ್ಮ ಊರೇ ಹಾಗೆ. ಮನೆಯಿಂದ ಮನೆಗೆ ದುಡ್ಡಿಗೆ ಹೋದದ್ದು ಏನೇ ಇರಲಿ, ಹಸುವೋ, ಮಂಚವೋ, ಹೊಲಿಗೆ ಯಂತ್ರವೋ, ಮಾರಿದವರನ್ನು ವರ್ಷಕ್ಕೊಮ್ಮೆ ಕರೆದು ಊಟ ಹಾಕಬೇಕು. ಎಲೆ ಹಾಕಿದ ಮೇಲೆ ಕೊಂಡವರು, "ನಿಮ್ಮದು ನಮ್ಮಲ್ಲಿ ಸುಖವಾಗಿದೆ, ನೋಡಿ, ಉಣ್ಣಿ" ಅನ್ನಬೇಕು. ಉಂಡ ಮೇಲೆ ಮಾರಿದವರು, "ನೋಡಿದೆ, ಉಂಡೆ, ಇನ್ನು ನಿಮ್ಮದೇ" ಅನ್ನಬೇಕು. ಅಷ್ಟಾದರೆ ವಸ್ತು ಇನ್ನೊಂದು ವರ್ಷ ತೆಪ್ಪಗಿರುತ್ತದೆ. ಅಂಗಡಿಯ ಉಪ್ಪು ಬೇಳೆಗೆ ಈ ಗೋಳಿಲ್ಲ. ದಾನ ಕೊಟ್ಟದ್ದಕ್ಕೂ ಇಲ್ಲ. ದಾನ ಕೊಟ್ಟವರು ತಿರುಗಿ ನೋಡಬಾರದು, ತೆಗೆದುಕೊಂಡವರು ಕರೆಯಬಾರದು. ಜೀವ ಇರುವ ವಸ್ತುವಾದರೆ ಒಂದು ವಿನಾಯಿತಿ ಉಂಟು. ಹಾಲುಹಲ್ಲು ಬೀಳುವ ತನಕ ಅದು ಮುನಿಯುವುದಿಲ್ಲ. ಕೊಂಡ ಕರುವಿಗೆ ಹಲ್ಲು ಬೀಳುವುದನ್ನು ನಮ್ಮ ಊರಿನವರು ಕಾಯುವ ಹಾಗೆ ಯಾರೂ ಕಾಯಲಿಕ್ಕಿಲ್ಲ.

ನಮ್ಮ ಪಾರಿಜಾತಳಿಗೆ ಮೊದಲ ಹಲ್ಲು ಬಿದ್ದ ದಿನ ನಾನು ಇದನ್ನೆಲ್ಲ ಯೋಚಿಸಲೇ ಇಲ್ಲ. ಯಾಕೆ ಯೋಚಿಸಬೇಕು? ಅವಳು ನನ್ನ ಹೊಟ್ಟೆಯಲ್ಲಿ ಬೆಳೆದವಳು. ವಾಂತಿ ನನ್ನದು, ಕಾಲು ಊದಿದ್ದು ನನ್ನದು, ಹೊಟ್ಟೆ ಕೊಯ್ದದ್ದು ನನ್ನದು. ಹಲ್ಲನ್ನು ಸಗಣಿ ಉಂಡೆಯಲ್ಲಿ ಇಟ್ಟು ಸೂರಿನ ಮೇಲೆ ಎಸೆದೆವು. ರಾತ್ರಿ ಅನ್ನ ಹಾಕಿದರೆ ಪಾರಿ ತಟ್ಟೆ ನೋಡಿದಳು, ನನ್ನನ್ನು ನೋಡಿದಳು, ಎದ್ದು ಹೋಗಿ ಮಲಗಿದಳು. ಮಾರನೆಯ ದಿನವೂ ಅದೇ. ಅಳಲಿಲ್ಲ, ಹಟ ಮಾಡಲಿಲ್ಲ, ಹೊಟ್ಟೆನೋವು ಅನ್ನಲಿಲ್ಲ. ಮಜ್ಜಿಗೆ ಕೊಟ್ಟರೆ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟಳು. "ಯಾಕೆ ಪುಟ್ಟೀ, ಏನಾಯ್ತು" ಎಂದು ಕೇಳಿದರೆ, "ಗೊತ್ತಿಲ್ಲಮ್ಮ, ಬಾಯಿಗೆ ಹೋಗಲ್ಲ" ಅಂದಳು. ನಮ್ಮ ಗಿರಣಿಯ ಮುನಿಸೂ ಇಂಥದ್ದೇ ಇತ್ತು. ನಮ್ಮ ಯಜಮಾನರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ತಿರುಗಿದೆ.

ಪಾರಿ ಹುಟ್ಟಿದ ಕತೆ ಹೇಳಬೇಕು. ಮದುವೆಯಾಗಿ ಹದಿನೈದು ವರ್ಷ ಮಕ್ಕಳಿಲ್ಲದೆ, ಕಂಡಕಂಡವರ ಸೀಮಂತಕ್ಕೆ ಅರಿಶಿನ ಕುಂಕುಮ ಹೊತ್ತು ಹೋಗಿ ಸಾಕಾಗಿ, ಕೊನೆಗೆ ಕೆರೆ ಏರಿಯ ಹತ್ತಿರ ಹೊಸದಾಗಿ ಬಂದ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಶ್ರೀವತ್ಸ ಪರದೇಶದಲ್ಲಿ ಓದಿದವರು, ಮಾತು ಬೆಣ್ಣೆ. ಎಲ್ಲ ಪರೀಕ್ಷೆ ಮಾಡಿ, "ನಿಮ್ಮ ಮೊಟ್ಟೆ ಸರಿಯಿಲ್ಲ, ಬೇರೆಯವರದು ತಗೋಬೇಕು" ಅಂದರು. ನಮ್ಮ ಯಜಮಾನರು ಗಾಬರಿಯಾಗಿ, "ನಾವು ತಿನ್ನಲ್ಲ ಸಾರ್" ಅಂದುಬಿಟ್ಟರು. ನನ್ನ ಹಣೆಬರಹ. ಆಮೇಲೆ ಡಾಕ್ಟರು ಚಿತ್ರ ಬರೆದು ವಿವರಿಸಿದರು. ಊರಿನ ಯಾರೋ ಒಬ್ಬ ಹೆಣ್ಣುಮಗಳು ಅಂಡಾಣು ಕೊಡುತ್ತಾಳೆ, ನಮ್ಮವರ ವೀರ್ಯ ಸೇರಿಸಿ ನನ್ನ ಹೊಟ್ಟೆಯಲ್ಲಿ ಇಡುತ್ತಾರೆ. ನಾನು ಮೊದಲು ಕೇಳಿದ ಪ್ರಶ್ನೆಯೇ ಇದು, "ಮಾರ್ತಾಳೋ, ದಾನ ಕೊಡ್ತಾಳೋ?" ಡಾಕ್ಟರು ನಕ್ಕರು. "ದಾನಾನೇ ತಾಯಿ. ಇದರಲ್ಲಿ ಮಾರಾಟ ಅನ್ನೋ ಮಾತೇ ಇಲ್ಲ. ಅವಳಿಗೆ ಓಡಾಟಕ್ಕೆ, ಶ್ರಮಕ್ಕೆ ಅಂತ ಒಂದು ಕಾಣಿಕೆ ಕೊಡ್ತೀವಿ ಅಷ್ಟೆ." ಕಾಣಿಕೆ ಎಂಬ ಮಾತು ನನಗೆ ದೇವಸ್ಥಾನದ ಹುಂಡಿಯಷ್ಟು ಪವಿತ್ರವಾಗಿ ಕೇಳಿಸಿತು. ಬೇಕಾದಾಗ ಕಿವಿ ಹಾಗೇ ಕೇಳುತ್ತದೆ.

ಈಗ ಅದೇ ಡಾಕ್ಟರ ಮುಂದೆ ಪಾರಿಯನ್ನು ಕೂರಿಸಿದೆವು. ಅವರು ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆದರು. ಎಲ್ಲ ಸರಿ ಇದೆ ಅಂದರು. ಸರಿ ಇದ್ದರೆ ಮಗು ಯಾಕೆ ಉಣ್ಣುವುದಿಲ್ಲ? "ಊರಿನ ನಂಬಿಕೆ ಎಲ್ಲ ಮಗು ತಲೆಗೆ ತುಂಬಿದೀರಿ" ಅಂದರು. ನನಗೆ ಮೈಯೆಲ್ಲ ಉರಿಯಿತು. ಗಿರಣಿಯ ತಲೆಗೆ ಯಾರು ತುಂಬಿದ್ದರು?

ಮನೆಗೆ ಬಂದಾಗ ಪಕ್ಕದ ಮನೆಯ ತಾಯಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಅವಳಿಗೆ ಎಲ್ಲವೂ ಗೊತ್ತು, ಗೊತ್ತಿಲ್ಲದ್ದೂ ಗೊತ್ತು. "ನೋಡೇ ಮಂಗಳಾ, ಬೇಜಾರ್ ಮಾಡ್ಕೋಬೇಡ" ಎಂದು ಶುರು ಮಾಡಿದಳು. ಈ ಮಾತು ಬಂದರೆ ಬೇಜಾರು ಗ್ಯಾರಂಟಿ. "ಮಾರ್ದೋರ್ಗೆ ಒಂದ್ ಊಟ ಹಾಕ್ಬಿಡು. ಏನ್ ಹೋಗುತ್ತೆ?"

"ನಾನು ಮಗು ಕೊಂಡ್ಕೊಂಡಿಲ್ಲ ತಾಯಕ್ಕ."

"ನಾನೆಲ್ಲಿ ಕೊಂಡ್ಕೊಂಡೆ ಅಂದೆ? ಊಟ ಹಾಕು ಅಂದೆ."

ಇವರ ಹತ್ತಿರ ಮಾತಾಡುವುದಕ್ಕಿಂತ ಬಂಡೆಗೆ ತಲೆ ಚಚ್ಚಿಕೊಳ್ಳುವುದು ಮೇಲು. ಊಟ ಹಾಕಿದರೆ ಕೊಂಡೆ ಅಂತಾಯಿತು. ಹಾಕದಿದ್ದರೆ ಮಗು ಒಣಗುತ್ತದೆ. ಅತ್ತ ದರಿ, ಇತ್ತ ಪುಲಿ. ಪಾರಿಯ ಕೆನ್ನೆ ಆಗಲೇ ಇಳಿದಿತ್ತು, ಲಂಗದ ದಾರವನ್ನು ಬಿಗಿ ಮಾಡಿ ಕಟ್ಟಬೇಕಾಗಿತ್ತು. ಕೊನೆಗೆ ನಾನೇ ಸೋತೆ. ಆದರೆ ಸೋಲುವಾಗಲೂ ಸ್ವಲ್ಪ ಜಾಣತನ ಮಾಡಲು ಹೋದೆ. ನಮ್ಮ ಊರಿನ ಹಿರಿಯರು ಹೇಳುವ ಮಾತೊಂದುಂಟು, ದುಡ್ಡು ಯಾರ ಕೈಗೆ ಹೋಯಿತೋ ಅವರೇ ಮಾರಿದವರು ಎಂದು. ನಮ್ಮ ದುಡ್ಡು ಹೋದದ್ದು ಡಾಕ್ಟರ ಕೈಗೆ. ಹಾಗಾದರೆ ಊಟ ಡಾಕ್ಟರಿಗೇ. ಡಾಕ್ಟರು ಮಾರಿದ್ದು ಚಿಕಿತ್ಸೆ, ನಾನು ಕೊಂಡದ್ದು ಚಿಕಿತ್ಸೆ, ಯಾರ ಮರ್ಯಾದೆಗೂ ಕುಂದಿಲ್ಲ. ಯಜಮಾನರಿಗೂ ಈ ಲೆಕ್ಕ ಹಿಡಿಸಿತು.

ಡಾಕ್ಟರು ಬಂದರು. ಬಂದದ್ದೇನು, ಹಸಿದು ಬಂದರು. ಚಿರೋಟಿ, ಹುಳಿಯನ್ನ, ಅಂಬೊಡೆ, ಬದನೆಕಾಯಿ ಎಣ್ಣೆಗಾಯಿ, ಒಂದನ್ನೂ ಬಿಡಲಿಲ್ಲ. ನಾನು "ನಿಮ್ಮದು ನಮ್ಮಲ್ಲಿ ಸುಖವಾಗಿದೆ" ಅಂದಾಗ ತಲೆಯಾಡಿಸಿದರು. "ನೋಡಿದೆ, ಉಂಡೆ, ಇನ್ನು ನಿಮ್ಮದೇ" ಎಂಬುದನ್ನು ಬಾಯಲ್ಲಿ ಅಂಬೊಡೆ ಇಟ್ಟುಕೊಂಡೇ ಹೇಳಿದರು. ಪಾರಿ ಅವರ ಎದುರಿಗೆ ಖಾಲಿ ಎಲೆಯ ಮುಂದೆ ಕೂತಿದ್ದಳು. ನಾನು ಅವಳ ಎಲೆಗೆ ಅನ್ನ ಬಡಿಸಿದೆ, ತುಪ್ಪ ಹಾಕಿದೆ, ಕಲಸಿ ಬಾಯಿಯ ಹತ್ತಿರ ಹಿಡಿದೆ. ಅವಳು ಬಾಯಿ ತೆರೆಯಲು ಪ್ರಯತ್ನ ಮಾಡಿದ್ದು ಕಾಣಿಸಿತು. ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ಅಮ್ಮನನ್ನು ನೋಯಿಸಿದೆ ಎಂದು ಅವಳಿಗೆ ಅಳು, ಪಾಪದ್ದು. ಡಾಕ್ಟರು ಕೈ ತೊಳೆದು, ವೀಳ್ಯ ಹಾಕಿಕೊಂಡು, "ನಿಮ್ಮ ಕೈ ಅಡುಗೆ ಅಮೃತ" ಎಂದು ಹೇಳಿ ಹೋದರು.

ನಾನು ಅವರ ಹಿಂದೆಯೇ ಗೇಟಿನ ತನಕ ಹೋದೆ. "ಕೊಟ್ಟವಳ ಹೆಸರು ಹೇಳಿ" ಅಂದೆ. ಅವರು ಮುಖ ಗಂಭೀರ ಮಾಡಿಕೊಂಡರು. "ಅದು ಗುಟ್ಟು ತಾಯಿ. ಹೇಳೋ ಹಾಗಿಲ್ಲ. ಗಂಡಸರೂ ಕೊಟ್ಟಿರ್ತಾರೆ, ಹೆಂಗಸರೂ ಕೊಟ್ಟಿರ್ತಾರೆ. ಹೆಸರು ಹೊರಗೆ ಬಂದ್ರೆ ನಾಳೆಯಿಂದ ಯಾರೂ ಕೊಡಲ್ಲ." ಅದೂ ನಿಜವೇ. ವೀರ್ಯ ಕೊಟ್ಟಿದ್ದಾನೆ ಎಂದು ಎಲ್ಲರೂ ಹೇಳುವ ಮಹಾಶಯನೊಬ್ಬ ನಮ್ಮ ಬೀದಿಯಲ್ಲೇ ಇದ್ದಾನೆ. ಯಾವ ಮನೆಯಿಂದ ಊಟಕ್ಕೆ ಕರೆ ಬರುತ್ತದೋ ಎಂದು ಮಧ್ಯಾಹ್ನದ ಹೊತ್ತು ಬಾಗಿಲಿಗೆ ಚಿಲಕ ಹಾಕಿಕೊಂಡು ಕೂರುತ್ತಾನೆ. ಯಾರೂ ಕರೆಯಲಿಲ್ಲ, ಆದರೂ ಚಿಲಕ ತೆಗೆಯಲಿಲ್ಲ. "ದಾನ ಆಗಿದ್ರೆ ಮಗು ಯಾಕೆ ಮುನಿಸ್ಕೊಂಡಿದೆ ಡಾಕ್ಟ್ರೇ" ಎಂದು ಕೇಳಿದೆ. ಅವರು ಕಾರಿನ ಬಾಗಿಲು ಹಾಕಿಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಹೆಸರು ನನಗೆ ಬೇಕಿರಲಿಲ್ಲ, ನಿಜ ಹೇಳಬೇಕೆಂದರೆ. ಪಾರಿಯನ್ನು ಶಾಲೆಗೆ ಸೇರಿಸುವಾಗ ಫೋಟೋ ಬೇಕೆಂದು ಪೇಟೆಯ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದೆ. ಕ್ಯಾಮೆರಾದ ಹಿಂದೆ ಇದ್ದವಳು ದಾಕ್ಷಾಯಿಣಿ ಅಂತ. ಒಂಟಿ ಹೆಣ್ಣು, ಮೂವತ್ತು ದಾಟಿರಬೇಕು. ಪಾರಿಯ ಗಲ್ಲ ಎತ್ತಿ, "ಈ ಕಡೆ ನೋಡು" ಅಂದವಳು ಕೈ ಹಾಗೇ ಹಿಡಿದುಕೊಂಡು ನಿಂತಳು. ಇಬ್ಬರದೂ ಒಂದೇ ಗಲ್ಲ, ಒಂದೇ ಹುಬ್ಬು, ನಗುವಾಗ ಎಡಗಡೆಗೆ ಒಂದೇ ಸೊಟ್ಟ. ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು, ಇಬ್ಬರೂ ಫೋಟೋದ ಅಳತೆಯ ಬಗ್ಗೆ ಮಾತಾಡಿದೆವು. ಆಮೇಲೆ ನಾನು ಆ ರಸ್ತೆ ಹಿಡಿಯಲೇ ಇಲ್ಲ.

ಡಾಕ್ಟರು ಉಂಡು ಹೋದ ಮಾರನೆಯ ಬೆಳಿಗ್ಗೆ ಆ ರಸ್ತೆಯನ್ನೇ ಹಿಡಿದು ಹೋದೆ. ದಾಕ್ಷಾಯಿಣಿ ಸ್ಟುಡಿಯೋದ ಪರದೆ ಒರೆಸುತ್ತಿದ್ದಳು. ನಾನು ಪೀಠಿಕೆ ಹಾಕಲಿಲ್ಲ. "ಮಗೂಗೆ ಹಲ್ಲು ಬಿತ್ತು. ಊಟ ಬಿಟ್ಟಿದೆ. ನಾಳೆ ನಮ್ಮನೆಗೆ ಊಟಕ್ಕೆ ಬರ್ಬೇಕು" ಅಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. "ಯಾವ ಮಗು?"

"ಸುಮ್ನಿರಮ್ಮ. ಇಬ್ರಿಗೂ ಕಣ್ಣಿದೆ."

"ನಾನು ಮಾರಿಲ್ಲ" ಅಂದಳು. "ಡಾಕ್ಟ್ರು ದಾನ ಅಂದ್ರು. ನಾನೂ ದಾನ ಅಂದ್ಕೊಂಡೇ ಕೊಟ್ಟೆ. ಊಟಕ್ಕೆ ಬಂದ್ರೆ ಮಾರ್ದೆ ಅಂತಾಗುತ್ತೆ."

"ಕರೆದ್ರೆ ಕೊಂಡೆ ಅಂತಾಗುತ್ತೆ. ನಾನು ಕರೀತಿಲ್ವಾ?"

ಅವಳು ಬಟ್ಟೆ ಹಿಂಡಿದಳು. ನಾನು ಒಂದು ಸ್ಟೂಲು ಎಳೆದುಕೊಂಡು ಕೂತೆ. ಎದ್ದು ಹೋಗುವ ಪೈಕಿ ಅಲ್ಲ ಎಂದು ಅವಳಿಗೂ ಅರ್ಥವಾಗಲಿ. ಸ್ವಲ್ಪ ಹೊತ್ತಾದ ಮೇಲೆ ಮನಸ್ಸು ತಡೆಯದೆ ಕೇಳಿದೆ, "ಅಷ್ಟೊಂದು ಕಷ್ಟ ಇತ್ತೇನಮ್ಮ ಆಗ?" ಅಮ್ಮನಿಗೆ ಕಾಯಿಲೆ ಇತ್ತು, ತಮ್ಮನ ಓದು ನಿಂತಿತ್ತು, ಅಂಥದ್ದೇನಾದರೂ ಹೇಳಲಿ ಎಂದು ಕಾದೆ. ಹೇಳಿದ್ದರೆ ಕಣ್ಣೀರು ಹಾಕಿ, ನಾಲ್ಕು ಸಮಾಧಾನದ ಮಾತಾಡಿ, ನಾನೇನೋ ಪುಣ್ಯದ ಕೆಲಸ ಮಾಡಿದೆ ಎಂದು ಮನೆಗೆ ಬರಬಹುದಿತ್ತು.

"ಸ್ಕೂಟರ್ ಬೇಕಿತ್ತು" ಅಂದಳು.

"ಏನು?"

"ಸ್ಕೂಟರ್ ಅಕ್ಕಾ. ಮದುವೆ ಮನೆಗಳಿಗೆ ಫೋಟೋ ತೆಗೆಯೋಕೆ ಹೋಗ್ಬೇಕಾದ್ರೆ ಕ್ಯಾಮೆರಾ ಹೊತ್ಕೊಂಡು ನಡೆದು ನಡೆದು ಸಾಕಾಗಿತ್ತು."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ನನ್ನ ಪಾರಿ, ನನ್ನ ಹದಿನೈದು ವರ್ಷದ ಹರಕೆ, ಒಂದು ಸ್ಕೂಟರ್. "ನಾಚಿಕೆ ಆಗಲ್ವೇನೇ ಹೇಳೋಕೆ" ಎಂದು ಏಕವಚನಕ್ಕೇ ಇಳಿದೆ.

ಆಗ ಅವಳು ನನ್ನ ಕಡೆ ತಿರುಗಿದಳು. "ನಿಮಗೆ ಮಗು ಬೇಕಿತ್ತು, ನಂಗೆ ಸ್ಕೂಟರ್ ಬೇಕಿತ್ತು. ನಾನು ಅತ್ಕೊಂಡು ಮಾರಿದ್ರೆ ನಿಮಗೆ ಚೆನ್ನಾಗಿರೋದು, ಅಲ್ವಾ? ಆ ಸ್ಕೂಟರೂ ಈಗಿಲ್ಲ. ಹಳೇದಾಯ್ತು ಅಂತ ಮಾರ್ಬಿಟ್ಟೆ. ಕೊಂಡೋರು ವರ್ಷಾ ವರ್ಷ ಮನೆಗೆ ಬಂದು ಕರೀತಾರೆ. ಎಲೆ ತುಂಬ ಬಡಿಸ್ತಾರೆ. ನಿಮ್ಮದು ನಮ್ಮಲ್ಲಿ ಸುಖವಾಗಿದೆ ನೋಡಿ ಅಂತಾರೆ. ಸ್ಕೂಟರ್‌ಗೆ ಅಕ್ಕಾ. ಇದಕ್ಕೆ ಇಷ್ಟು ವರ್ಷದಲ್ಲಿ ಒಬ್ರೂ ಬಂದು ನನ್ನ ಬಾಗ್ಲು ತಟ್ಟಿಲ್ಲ."

ಅವಳು ಪರದೆಯನ್ನು ಮತ್ತೆ ಒರೆಸತೊಡಗಿದಳು, ಒರೆಸಿದ ಜಾಗವನ್ನೇ ಒರೆಸಿದಳು. ಆಮೇಲೆ, "ಮಗು ನೀರಾದ್ರೂ ಕುಡೀತಿದ್ಯಾ?" ಅಂದಳು.

"ಮಜ್ಜಿಗೆ ಎರಡು ಗುಟುಕು."

"ಎಷ್ಟೊತ್ತಿಗೆ ಬರ್ಲಿ?"

ಡಾಕ್ಟರಿಗೆ ಮಾಡಿದ ಅಡುಗೆಯನ್ನೇ ಮಾಡಿದೆ, ಚಿರೋಟಿ ಒಂದನ್ನು ಬಿಟ್ಟು. ಅಷ್ಟು ಕೈ ಓಡಲಿಲ್ಲ. ದಾಕ್ಷಾಯಿಣಿ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು, ಕೈಯಲ್ಲಿ ಬಾಳೆಹಣ್ಣು ಹಿಡಿದುಕೊಂಡು ಬಂದಳು. ತಾಯಕ್ಕ ಕಟ್ಟೆಯಿಂದ ಎದ್ದು ನಿಂತು ನೋಡಿದಳು. ನೋಡಲಿ. ಪಾರಿಯನ್ನು ಎದುರಿಗೆ ಕೂರಿಸಿ, ಎರಡು ಎಲೆ ಹಾಕಿ ಬಡಿಸಿದೆ. ನಮ್ಮ ಯಜಮಾನರು ಕಂಬಕ್ಕೆ ಒರಗಿ ನಿಂತಿದ್ದರು. ಇನ್ನು ನಾನು ಹೇಳಬೇಕು. ಗಿರಣಿಯ ಬಗ್ಗೆ ಎಷ್ಟು ಸಲ ಹೇಳಿದ ಮಾತು, ಡಾಕ್ಟರಿಗೂ ನೀರು ಕುಡಿದ ಹಾಗೆ ಹೇಳಿದ ಮಾತು. "ನಿಮ್ಮದು" ಅಂದೆ. ಮುಂದಕ್ಕೆ ಬರಲಿಲ್ಲ. ಮತ್ತೆ "ನಿಮ್ಮದು" ಅಂದೆ. ಇದು ಹೇಗೆ ಅವಳದು? ನನ್ನ ಮಗಳನ್ನು ನನ್ನ ಮನೆಯಲ್ಲಿ ಕೂರಿಸಿಕೊಂಡು ಇನ್ನೊಬ್ಬಳಿಗೆ ನಿಮ್ಮದು ಅಂತ ಯಾವ ತಾಯಿ ಹೇಳಿಯಾಳು?

"ಯಾವ್ದು ಇವ್ರದು?" ಎಂದು ಪಾರಿ ಕೇಳಿದಳು.

ಯಜಮಾನರು ಹೊರಗೆ ಹೋಗುವ ದಾರಿ ಹುಡುಕುತ್ತಿದ್ದರು. ಈ ಗಂಡಸರಿಂದ ಏನಾಗಬೇಕು. ನಾನು ಪಾರಿಯ ಹತ್ತಿರ ನೆಲದ ಮೇಲೆ ಕೂತೆ. "ನೀನು ಹುಟ್ಟೋಕೆ ಒಂದು ಬೀಜ ಬೇಕಿತ್ತು ಪುಟ್ಟೀ. ಅಪ್ಪನ ಹತ್ರ ಒಂದು ಪಾಲಿತ್ತು. ಇನ್ನೊಂದು ಪಾಲು ನನ್ನ ಹತ್ರ ಇರ್ಲಿಲ್ಲ. ಇವ್ರ ಹತ್ರ ಇತ್ತು. ದುಡ್ಡು ಕೊಟ್ಟು ತಗೊಂಡ್ವಿ. ಕೊಂಡ್ಕೊಂಡ್ವಿ."

ಹೇಳಿದ ಮೇಲೆ ಭೂಮಿ ಬಾಯಿ ಬಿಡಲಿಲ್ಲ. ಪಾರಿ ಸ್ವಲ್ಪ ಹೊತ್ತು ಯೋಚಿಸಿದಳು. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹಾಕಿಕೊಂಡು ಯೋಚಿಸುವುದು ಅವಳ ಹೊಸ ಅಭ್ಯಾಸ. ಆಮೇಲೆ ದಾಕ್ಷಾಯಿಣಿಯನ್ನು ಕೇಳಿದಳು, "ತೆಗೆಯೋವಾಗ ನೋವಾಯ್ತಾ?"

"ಇಲ್ಲ ಪುಟ್ಟೀ" ಅಂದಳು ದಾಕ್ಷಾಯಿಣಿ. ಎಲೆಯ ಅಂಚನ್ನು ಮಡಿಸಿದಳು, ಬಿಡಿಸಿದಳು. "ಆಯ್ತು. ತುಂಬಾನೇ ಆಯ್ತು. ದಿನಾ ಸೂಜಿ ಚುಚ್ಚಿಸ್ಕೋಬೇಕಿತ್ತು. ತೆಗೆದಾದ್ಮೇಲೆ ಹೊಟ್ಟೆ ಊದ್ಕೊಂಡು ಮಗ್ಗುಲಾಗೋಕೂ ಆಗ್ತಿರ್ಲಿಲ್ಲ."

"ನಿಮ್ ಹತ್ರ ಯಾರಿದ್ರು?"

"ಯಾರೂ ಇರ್ಲಿಲ್ಲ."

ಇಷ್ಟು ವರ್ಷದಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಅವಳು ನರಳುತ್ತಿದ್ದಾಗ ನಾನು ಅದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿ ಮಲಗಿ, ಫ್ಯಾನು ಸರಿಯಾಗಿ ತಿರುಗುವುದಿಲ್ಲ ಎಂದು ಜಗಳ ಮಾಡುತ್ತಿದ್ದೆ. ಆರು ವರ್ಷದ ಮಗುವಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. "ನಿಮ್ಮದು ನಮ್ಮಲ್ಲಿ ಸುಖವಾಗಿದೆ" ಅಂದೆ. ಈ ಸಲ ಬಂತು. "ನೋಡಿ. ಉಣ್ಣಿ."

ಅವಳು ಪಾರಿಯನ್ನು ಕಣ್ತುಂಬ ನೋಡಿದಳು. ಉಂಡಳು. ಅಳುತ್ತಲೇ ಉಂಡಳು, ಮಜ್ಜಿಗೆ ಅನ್ನದ ತನಕ ಉಂಡಳು. "ನೋಡಿದೆ, ಉಂಡೆ" ಅಂದಳು. ಆಮೇಲೆ ಸ್ವಲ್ಪ ತಡೆದು, "ಇನ್ನು ನಿಮ್ಮದೇ" ಅಂದಳು. ಪಾರಿ ತನ್ನ ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅಮ್ಮಾ, ಅನ್ನ ಆರೋಗಿದೆ, ಬಿಸೀದು ಹಾಕು" ಅಂದಳು. ಅಷ್ಟು ದಿನ ಉಪವಾಸವಿದ್ದವಳಿಗೆ ಬಿಸಿ ಅನ್ನವೇ ಬೇಕಂತೆ. ನಾನು ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತೆ. ಮಗು ಉಣ್ಣುತ್ತಿದೆ ಎಂಬ ಸಂತೋಷಕ್ಕೆ ಅತ್ತೆ, ಅವಳೆದುರು ಕೂತು ಉಂಡಳಲ್ಲ ಎಂಬ ಹೊಟ್ಟೆಕಿಚ್ಚಿಗೂ ಅತ್ತೆ. ಸುಳ್ಳು ಯಾಕೆ ಹೇಳಲಿ.

ಹೊರಡುವಾಗ ದಾಕ್ಷಾಯಿಣಿ ಬಾಗಿಲಲ್ಲಿ ನಿಂತು, "ನಾನು ಒಂದು ಸಲ ಅಲ್ಲ ಅಕ್ಕಾ, ಮೂರು ಸಲ ಕೊಟ್ಟಿದ್ದೆ" ಅಂದಳು. "ಉಳಿದ ಮಕ್ಕಳು ಯಾವ ಮನೇಲಿದಾವೋ ಗೊತ್ತಿಲ್ಲ. ಅವಕ್ಕೂ ಹಲ್ಲು ಬೀಳೋ ವಯಸ್ಸಾಯ್ತು."

ನಾನು ಸಮಾಧಾನ ಹೇಳಲು ಹೋದೆ. "ಚೆನ್ನಾಗೇ ಉಣ್ತಿರ್ತಾವೆ ಬಿಡು. ಇಲ್ದಿದ್ರೆ ಊರಿಗೇ ಗೊತ್ತಾಗ್ತಿರ್ಲಿಲ್ವಾ?"

"ಪಾರಿ ಊಟ ಬಿಟ್ಟಾಗ ಸ್ಕೂಲ್ನೋರಿಗೆ ಏನಂತ ಹೇಳಿದ್ರಿ?"

ಜಂತುಹುಳ ಎಂದು ಹೇಳಿದ್ದೆ. ಔಷಧಿಯನ್ನೂ ಕುಡಿಸಿದ್ದೆ. ಅವಳು ಉತ್ತರಕ್ಕೆ ಕಾಯದೆ ಹೋದಳು.

ಅಂದಿನಿಂದ ನನಗೆ ನೆಮ್ಮದಿ ಇಲ್ಲ. ಗಿರಣಿಗೆ ಬರುವ ತಾಯಂದಿರೆಲ್ಲ ಹೇಳುವುದು ಒಂದೇ, ನಮ್ಮ ಮಗು ಊಟ ಮಾಡಲ್ಲ, ನಮ್ಮ ಮಗು ಊಟ ಮಾಡಲ್ಲ. ಯಾವ ಮಗು ಊಟ ಮಾಡುತ್ತದೆ ಈ ಪ್ರಪಂಚದಲ್ಲಿ? ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, "ಬೈಬೇಡಿ, ಒಂದು ಮಾತು ಕೇಳ್ತೀನಿ, ಮಗು ಕೆರೆ ಏರಿ ಆಸ್ಪತ್ರೇಲಿ ಆದದ್ದಾ?" ಎಂದು ಕೇಳುತ್ತೇನೆ. ಬೈಯುತ್ತಾರೆ. ಒಬ್ಬಳು ಹಿಟ್ಟಿನ ಡಬ್ಬಿ ಎತ್ತಿಕೊಂಡು ಬೇರೆ ಗಿರಣಿಗೆ ಹೋದಳು. ಇನ್ನೊಬ್ಬಳ ಅತ್ತೆ ಮನೆಯ ತನಕ ಬಂದು, ನಮ್ಮ ವಂಶಕ್ಕೆ ಕಳಂಕ ಹಚ್ಚುತ್ತೀಯಾ ಎಂದು ಕೂಗಾಡಿ ಹೋದಳು. ವ್ಯಾಪಾರ ಹಾಳಾಗುತ್ತದೆ ಎಂದು ಯಜಮಾನರು ಗೊಣಗುತ್ತಾರೆ. ಹಾಳಾಗಲಿ. ನಿನ್ನೆ ತಾಲೂಕು ಕಚೇರಿಯ ಹಿಂದಿನ ಬೀದಿಯಿಂದ ಒಬ್ಬಳು ರಾಗಿ ತಂದಿದ್ದಳು. ಗಂಜಿಗೆ, ಆದಷ್ಟು ನುಣ್ಣಗೆ ಬೀಸಿಕೊಡಿ ಅಂದಳು, ಮಗನಿಗೆ ಜಂತುಹುಳವಂತೆ. ನಾನು ಗಿರಣಿ ನಿಲ್ಲಿಸಿ, ಬೈಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡು ಕೇಳಿದೆ. ಅವಳು ಬೈಯಲಿಲ್ಲ. ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಹತ್ತಿರಕ್ಕೆ ಬಂದು, "ಅವ್ರಿಗೆ ಊಟಕ್ಕೆ ಏನು ಸೇರುತ್ತೆ ಅಕ್ಕಾ?" ಎಂದು ಕೇಳಿದಳು.